ಕ್ವಾಂಟಮ್ ಗೇಮ್ ಅಂದರೆ ದಾಳದ ಆಟಕ್ಕೆ ಹೊಸ ಹೆಸರಾ?

ಪ್ರಶ್ನೆ: ಕ್ವಾಂಟಮ್ ಗೇಮ್‌ಗಳಲ್ಲಿ ನಿಜವಾಗಿಯೂ ಕ್ವಾಂಟಮ್ ಭೌತಶಾಸ್ತ್ರ ಇರುತ್ತಾ, ಇಲ್ಲ ದಾಳ ಉರುಳಿಸುವ ಆಟಕ್ಕೇ ಹೊಸ ಹೆಸರಿಟ್ಟಿದ್ದಾರಾ? ಆಡಲು ಕ್ವಾಂಟಮ್ ಕಂಪ್ಯೂಟರ್ ಬೇಕಾ?

ಉತ್ತರ: ಸುಮ್ನೆ ಹೆಸರಿಗೆ ಕ್ವಾಂಟಮ್ ಆಗಿರುವ ಗೇಮ್‌ಗಳೂ ಇವೆ. ಆದರೆ ಅಸಲಿ ಆಟಕ್ಕೂ ದಾಳಕ್ಕೂ ಇರುವ ವ್ಯತ್ಯಾಸ ತುಂಬಾ ದೊಡ್ಡದು. ಅದನ್ನು ನೋಡಲು ಗಣಿತಜ್ಞ ಡೇವಿಡ್ ಮೇಯರ್ 1999ರಲ್ಲಿ ವಿವರಿಸಿದ ನಾಣ್ಯದ ಆಟಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಪೆಟ್ಟಿಗೆಯೊಳಗೆ ನಾಣ್ಯದ ಹೆಡ್ ಮೇಲಿದೆ. ಮೊದಲ ನಡೆ ನನ್ನದು, ಆಮೇಲೆ ನಿಮ್ಮದು, ಕೊನೆಯದು ಮತ್ತೆ ನನ್ನದು. ಯಾರೂ ಒಳಗೆ ನೋಡುವಂತಿಲ್ಲ. ನೀವು ನಾಣ್ಯವನ್ನು ಮಗುಚಬಹುದು, ಇಲ್ಲವೇ ಹಾಗೇ ಬಿಡಬಹುದು. ಕೊನೆಗೆ ಹೆಡ್ ಬಂದರೆ ನಾನು ಗೆದ್ದೆ. ಮಾಮೂಲಿ ನಾಣ್ಯವಾದರೆ ಇಬ್ಬರಿಗೂ ಅರ್ಧರ್ಧ ಅವಕಾಶ. ಆದರೆ ನನಗೆ ಕ್ವಾಂಟಮ್ ನಡೆ ಆಡಲು ಬಿಟ್ಟರೆ ಪ್ರತಿ ಸಲವೂ ನಾನೇ ಗೆಲ್ಲುತ್ತೇನೆ! ಮೊದಲು ಹೆಡ್ ಮತ್ತು ಟೇಲ್ ಸಮನಾಗಿ ಬೆರೆತ ಸ್ಥಿತಿಗೆ ನಾಣ್ಯವನ್ನು ತರುತ್ತೇನೆ. ನೀವು ಮಗುಚಿದರೆ ಎರಡೂ ಅದಲುಬದಲಾಗುತ್ತವೆ, ಅಂದರೆ ಸ್ಥಿತಿ ಇದ್ದ ಹಾಗೇ ಇರುತ್ತದೆ. ಕೊನೆಗೆ ಅದೇ ನಡೆಯನ್ನು ಮತ್ತೆ ಆಡುತ್ತೇನೆ. ಟೇಲ್‌ಗೆ ಹೋಗುವ ಎರಡು ದಾರಿಗಳಲ್ಲಿ ಒಂದು ಪ್ಲಸ್, ಇನ್ನೊಂದು ಮೈನಸ್. ಎರಡೂ ಸೇರಿ ಸೊನ್ನೆ. ಹೆಡ್ ಒಂದೇ ಉಳಿಯುತ್ತದೆ.

ದಾಳದಲ್ಲಿ ಹೀಗಾಗುವುದಿಲ್ಲ. ಅಲ್ಲಿ ದಾರಿ ಜಾಸ್ತಿಯಾದಷ್ಟೂ ಸಾಧ್ಯತೆ ಕೂಡುತ್ತಾ ಹೋಗುತ್ತದೆ, ಕಳೆಯುವ ಮಾತೇ ಇಲ್ಲ. ಹಾಗಾಗಿ ಗೇಮ್ ಬರೆಯುವವರು ಶೇಕಡಾ ಲೆಕ್ಕವಷ್ಟೇ ಇಟ್ಟುಕೊಂಡರೆ ಸಾಲದು, ಆ ಪ್ಲಸ್-ಮೈನಸ್ಸನ್ನೂ ಕಾಪಾಡಬೇಕು.

ಸಣ್ಣ ಆಟವಾದರೆ ಈ ಲೆಕ್ಕಕ್ಕೆ ಫೋನ್ ಸಾಕು. ಎರಡು ಸ್ಥಿತಿ ಬೆರೆಯಬಲ್ಲ ಇಂಥ ಒಂದು ಕ್ವಾಂಟಮ್ ನಾಣ್ಯಕ್ಕೆ ಕ್ಯುಬಿಟ್ ಅನ್ನುತ್ತಾರೆ. 10 ಕ್ಯುಬಿಟ್‌ಗೆ ಲೆಕ್ಕ ಇಡಬೇಕಾದದ್ದು 1,024 ಸಂಖ್ಯೆಗಳು. 30 ಕ್ಯುಬಿಟ್ ಆದರೆ ಮಾತ್ರ 100 ಕೋಟಿ ದಾಟುತ್ತದೆ. 2017ರಲ್ಲಿ ಜೇಮ್ಸ್ ವೂಟನ್ ಐಬಿಎಂನ ಕ್ವಾಂಟಮ್ ಕಂಪ್ಯೂಟರ್‌ನಲ್ಲೇ ಒಂದು ಪುಟ್ಟ ಆಟ ನಡೆಸಿ ತೋರಿಸಿದರು. ಆದರೆ ನಿಮಗೆ ಅದು ಬೇಕಿಲ್ಲ.

ಎಲ್ಲಿಂದ ಶುರು ಮಾಡುವುದು? ಆಲನ್ ಗಾಫ್ ಅವರ ಕ್ವಾಂಟಮ್ ಟಿಕ್-ಟ್ಯಾಕ್-ಟೋಗೆ ಕಾಗದ, ಪೆನ್ಸಿಲ್ ಸಾಕು. ಒಂದೇ ಗುರುತನ್ನು ಎರಡು ಮನೆಗಳಲ್ಲಿ ಹಾಕುತ್ತೀರಿ. ಗುರುತುಗಳು ಸುತ್ತಿ ಬಂದು ಸರಪಳಿ ಮುಚ್ಚಿಕೊಂಡಾಗ, ಯಾವುದು ಎಲ್ಲಿ ನಿಲ್ಲಬೇಕೆಂದು ಎದುರಾಳಿ ತೀರ್ಮಾನಿಸುತ್ತಾರೆ. ಅದೃಷ್ಟದ ಕೆಲಸವೇ ಇಲ್ಲ! ಪ್ಲಸ್-ಮೈನಸ್ ಕಳೆಯುವುದೂ ಇಲ್ಲ ಅನ್ನಿ, ಆದರೂ ಕಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅದು ಕೈಗೆ ಹತ್ತಿದ ಮೇಲೆ ಕ್ರಿಸ್ ಕ್ಯಾಂಟ್‌ವೆಲ್ ಅವರ ಕ್ವಾಂಟಮ್ ಚೆಸ್ ಆಡಿ. ಅಲ್ಲಿ ಕುದುರೆ ಒಂದೇ ನಡೆಯಲ್ಲಿ ಎರಡು ಮನೆಗೆ ಹೋಗಬಹುದು. ಒಂದೇ ಮನೆಗೆ ಎರಡು ಬೇರೆ ಕಾಯಿಗಳು ಬಂದು ಕೂರುವ ಸಂದರ್ಭ ಬಂದಾಗ ಗೇಮ್ ಅಳೆದು ನೋಡುತ್ತದೆ, ಕಾಯಿ ಎಲ್ಲಿದೆ ಎನ್ನುವುದು ಆಗ ಗೊತ್ತಾಗುತ್ತದೆ.