ಚೌಬಾರಾ ಎದುರು ಚೌಕಟ್ಟು: ಕ್ಯಾಂಡಿಡ್ ಕಲಿಯುವವರಿಗೆ ಟಿಪ್ಪಣಿ

ಬೀದಿಯ ಜನರನ್ನು ಅವರ ಪಾಡಿಗೆ ಬಿಟ್ಟು ಫೋಟೊ ತೆಗೆದರೆ ಮಾತ್ರ ಅದು ಕ್ಯಾಂಡಿಡ್. "ಸ್ವಲ್ಪ ಈ ಕಡೆ ತಿರುಗ್ರಿ" ಅಂದ ಕೂಡಲೇ ಅದು ಬೇರೆಯೇ ಫೋಟೊ. ಹಾಗಾದರೆ ನಮ್ಮ ಕೈಯಲ್ಲಿ ಏನಿದೆ? ನಿಲ್ಲುವ ಜಾಗ, ಚೌಕಟ್ಟಿನ ಅಂಚು, ಬೆಳಕಿನ ಲೆಕ್ಕ (ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದು), ಬಟನ್ ಒತ್ತುವ ಗಳಿಗೆ. ನನ್ನ ಪ್ರಕಾರ ಇವುಗಳಲ್ಲಿ ಜಾಗವೇ ದೊಡ್ಡದು. ಅದು ಸರಿಯಾದರೆ ಉಳಿದದ್ದು ಅರ್ಧ ಸುಲಭ.

ಬೀದರ್ ಹಳೇ ಊರಿನ ಚೌಬಾರಾ ನೋಡಿ. ದೊಡ್ಡ ರಸ್ತೆಗಳು ಕೂಡುವ ಕಡೆ ನಿಂತ ಗುಂಡನೆಯ ಕಲ್ಲಿನ ಗೋಪುರ. ಜನ, ಆಟೊ, ತಳ್ಳುಗಾಡಿ ಎಲ್ಲ ಅದನ್ನು ಸುತ್ತಿಕೊಂಡೇ ಹೋಗಬೇಕು. ಯಾರು ಬರುತ್ತಾರೋ ಗೊತ್ತಿಲ್ಲ, ಆದರೆ ಎಲ್ಲಿಂದ ಬರುತ್ತಾರೆ ಅಂತ ಮೊದಲೇ ಗೊತ್ತು.

ಬೆಳಗಿನ ಹೊತ್ತು ಗೋಪುರದ ನೆರಳು ಪಡುವಣಕ್ಕೆ ಉದ್ದವಾಗಿ ಚಾಚುತ್ತದೆ. ಆ ನೆರಳು ಹಿನ್ನೆಲೆಯಾಗುವಂತೆ ನಿಲ್ಲಿ. ಬೆಳಕಿನ ಲೆಕ್ಕ ಬಿಸಿಲಿಗೆ ಮಾತ್ರ ಇರಲಿ: ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಲೆನ್ಸಿನ ಕಿಂಡಿ ಎಫ್ 8, ಶಟರ್ ತೆರೆದಿರುವ ಹೊತ್ತು 1/500 ಸೆಕೆಂಡಿನ ಆಸುಪಾಸು. ಆಗ ನೆರಳಿನಲ್ಲಿರುವ ಬೋರ್ಡು, ವೈರು, ನಿಲ್ಲಿಸಿದ ಬೈಕು ಎಲ್ಲ ಕಪ್ಪಿನಲ್ಲಿ ಕರಗುತ್ತವೆ. ಬಿಸಿಲಿಗೆ ಕಾಲಿಟ್ಟವರು ಎದ್ದು ಕಾಣುತ್ತಾರೆ. ಯಾರನ್ನೂ ಸರಿಸದೆ, ಏನನ್ನೂ ಎತ್ತಿಡದೆ ಹಿನ್ನೆಲೆ ಸ್ವಚ್ಛವಾಯಿತು, ಅಲ್ವಾ? ಮೋಡ ಕವಿದ ದಿನ ಈ ಉಪಾಯ ನಡೆಯದು.

ಫೋಕಸ್ಸನ್ನೂ ಮೊದಲೇ ಕಟ್ಟಿಡಿ. ಫುಲ್ ಫ್ರೇಮ್ (36×24 ಎಂಎಂ ಸೆನ್ಸರಿನ) ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸ್, ಎಫ್ 8, ಆಟೊಫೋಕಸ್ ಬಿಟ್ಟು ಕೈಯಾರೆ 3 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 2ರಿಂದ 7 ಮೀಟರ್ ತನಕ ಎಲ್ಲ ಸ್ಪಷ್ಟ. ಕ್ಯಾಮೆರಾ ಹುಡುಕಾಡುವುದಿಲ್ಲ, ನಮ್ಮ ಗಮನ ಜನರ ಮೇಲೆ ಉಳಿಯುತ್ತದೆ.

ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ 1932ರಲ್ಲಿ ಫ್ರಾನ್ಸಿನ ಇಯೆರ್ ಊರಿನಲ್ಲಿ ತೆಗೆದ ಸೈಕಲ್ ಸವಾರನ ಚಿತ್ರವನ್ನು ನಿಧಾನವಾಗಿ ನೋಡಿ. ಮೆಟ್ಟಿಲು, ಕಬ್ಬಿಣದ ಕಂಬಿ, ಬಾಗಿದ ರಸ್ತೆ ಸ್ಪಷ್ಟ. ಸವಾರ ಮಾತ್ರ ಮಸುಕು. ಅವನನ್ನು ಬೆರಳಿಂದ ಮುಚ್ಚಿದರೂ ಚೌಕಟ್ಟು ಗಟ್ಟಿಯಾಗಿಯೇ ನಿಲ್ಲುತ್ತದೆ. ನಾವು ಕಲಿಯಬೇಕಾದದ್ದು ಅದನ್ನೇ: ಖಾಲಿ ಇದ್ದಾಗಲೂ ನಿಲ್ಲುವ ಚೌಕಟ್ಟು.

ಒಂದೇ ಕಡೆ ಜಾಸ್ತಿ ಹೊತ್ತು ನಿಂತರೆ ಸುತ್ತಲಿನವರಿಗೂ ನಮ್ಮ ಅಭ್ಯಾಸವಾಗುತ್ತದೆ. ಕದ್ದು ತೆಗೆಯಬೇಡಿ, ಕ್ಯಾಮೆರಾ ಕಾಣುವಂತೆಯೇ ಇರಲಿ. ಯಾರಾದರೂ ಕೈ ಅಡ್ಡ ಹಿಡಿದರೆ ಇಳಿಸಿಬಿಡಿ. ತೆಗೆದದ್ದನ್ನು ಅಳಿಸಿ ಅಂದರೆ ಅವರೆದುರೇ ಅಳಿಸಿ.

ಕಾಯುವಾಗ ಕಣ್ಣು ಅಂಚಿನ ಸುತ್ತ ಓಡಾಡಲಿ. ಅರ್ಧ ಚಕ್ರ, ತುಂಡಾದ ಕೈ ಒಳಗೆ ಬಂದಿದೆಯಾ? ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ. ನಡೆಯುವವರ ಪಾದದ ಕೆಳಗೆ ಸ್ವಲ್ಪ ನೆಲ ಬಿಡಿ, ಇಲ್ಲದಿದ್ದರೆ ಅವರು ಬಿಸಿಲಿಗೆ ಬಂದ ಹೊತ್ತಿಗೆ ಕಾಲು ಕತ್ತರಿಸಿ ಹೋಗಿರುತ್ತದೆ.