ಟ್ಯಾಸ್ಮೇನಿಯಾ ನೋಟ್ಸ್: ಅಳಿಸಿದ ಹೆಸರು, ‘ಕೊನೆಯ’ ಹೆಂಗಸು

ಎಂ.ಎ. ಇಂಗ್ಲಿಷಿನ ಆಸ್ಟ್ರೇಲಿಯನ್ ಸಾಹಿತ್ಯದ ಪೇಪರಿನಲ್ಲಿ ನನಗೆ ಹೆಚ್ಚು ಕಾಟ ಕೊಟ್ಟಿದ್ದು ಆ ದೇಶದ ದಕ್ಷಿಣದ ದ್ವೀಪ ರಾಜ್ಯ ಟ್ಯಾಸ್ಮೇನಿಯಾ. ಕ್ಲಾಸ್ ಟೆಸ್ಟಿನಲ್ಲಿ ‘1642ರಲ್ಲಿ ಏಬೆಲ್ ಟ್ಯಾಸ್ಮನ್ ಈ ದ್ವೀಪಕ್ಕೆ ತನ್ನ ಹೆಸರಿಟ್ಟ’ ಎಂದು ಬರೆದು ಅಂಕ ಕಳೆದುಕೊಂಡೆ. ಪಾಪ, ಆ ಡಚ್ ನಾವಿಕ ಇಟ್ಟಿದ್ದು ತನ್ನ ಧಣಿಯ ಹೆಸರು. ಡಚ್ ಈಸ್ಟ್ ಇಂಡೀಸಿನ ಗವರ್ನರ್ ಜನರಲ್ ಆಂಟನಿ ವಾನ್ ಡೀಮೆನ್, ಅವನ ನಾಡು ಎಂಬರ್ಥದಲ್ಲಿ ‘ವಾನ್ ಡೀಮೆನ್ಸ್ ಲ್ಯಾಂಡ್’. ಟ್ಯಾಸ್ಮೇನಿಯಾ ಎಂಬುದು ಅಧಿಕೃತವಾಗಿದ್ದು 1856ರ ಜನವರಿ 1ಕ್ಕೆ.

ಇಸವಿ ನೆನಪಿಡಲು ನನ್ನ ಉಪಾಯ: ನಮ್ಮ ರಾಜ್ಯದ ಏಕೀಕರಣವಾದ 1956ರಲ್ಲಿ ನೂರು ಕಳೆಯಿರಿ. ಆದರೆ ಹುಷಾರು, ಇಸವಿಗೆ ಮಾತ್ರ ಈ ಹೋಲಿಕೆ. ನಮ್ಮಲ್ಲಿ ರಾಜ್ಯ ಮೊದಲು ಒಂದಾಯಿತು, ‘ಮೈಸೂರು’ ಹೋಗಿ ‘ಕರ್ನಾಟಕ’ ಬಂದಿದ್ದು 1973ರಲ್ಲಿ. ಅಲ್ಲಿ ಹೆಸರೇ ಮೊದಲು: ನ್ಯೂ ಸೌತ್ ವೇಲ್ಸ್‌ನಿಂದ ಬೇರೆಯಾಗಿದ್ದು 1825, ಹೊಸ ಹೆಸರು 1856, ಒಕ್ಕೂಟದ ರಾಜ್ಯವಾಗಿದ್ದು 1901.

ಹೆಸರು ಯಾಕೆ ಬೇಡವಾಯಿತು? ಬ್ರಿಟನ್ನಿನಿಂದ 70,000ಕ್ಕೂ ಹೆಚ್ಚು ಕೈದಿಗಳನ್ನು ಇಲ್ಲಿಗೆ ಸಾಗಿಸಿದ್ದರು. ಈ ದ್ವೀಪದಿಂದ ಹೊರಗೆ ಬಂದವರಿಗೆ ‘ವ್ಯಾನ್‌ಡಿಮೋನಿಯನ್’ ಎನ್ನುತ್ತಿದ್ದರು. ಜೋರಾಗಿ ಓದಿ ನೋಡಿ, ನಡುವೆ ‘ಡಿಮೋನ್’, ಅಂದರೆ ದೆವ್ವ, ಕೂತಿದೆ. ಪಕ್ಕದ ವಿಕ್ಟೋರಿಯಾ 1852ರಲ್ಲಿ ಇವರನ್ನು ತಡೆಯಲೆಂದೇ ಕಾನೂನು ತಂದಿತ್ತು. 1853ರಲ್ಲಿ ಸಾಗಣೆ ನಿಂತಿತು, ಮೂರು ವರ್ಷಕ್ಕೆ ಹೆಸರೂ ಹೋಯಿತು. ಪೋರ್ಟ್ ಆರ್ಥರ್ ಜೈಲನ್ನು 1877ರಲ್ಲಿ ಮುಚ್ಚಿದ ಮೇಲೆ ಆ ಊರಿಗೂ ‘ಕಾರ್ನಾರ್ವನ್’ ಎಂದು ಮರುನಾಮಕರಣ ಮಾಡಿದರು. ಪ್ರವಾಸಿಗರು ಬರತೊಡಗಿದ ಮೇಲೆ, 1927ರಲ್ಲಿ, ಹಳೆಯ ಹೆಸರೇ ವಾಪಸು! ನಾಚಿಕೆ ದುಡಿಯುವ ಸರಕಾಯಿತು ಅನ್ನಿ.

ಸಾಹಿತ್ಯದ ಭಾಗ ಚಿಕ್ಕದು. ಆಸ್ಟ್ರೇಲಿಯಾದಲ್ಲಿ ಅಚ್ಚಾದ ಮೊದಲ ಕಾದಂಬರಿ ‘ಕ್ವಿಂಟಸ್ ಸರ್ವಿಂಟನ್’ ಹೊರಬಂದಿದ್ದು ದ್ವೀಪದ ರಾಜಧಾನಿ ಹೋಬಾರ್ಟಿನಲ್ಲಿ, ಲೇಖಕನ ಹೆಸರಿಲ್ಲದೆ. ಬರೆದ ಹೆನ್ರಿ ಸೇವರಿ ಫೋರ್ಜರಿ ಮಾಡಿ ಗಡೀಪಾರಾಗಿದ್ದ ಕೈದಿ, ಸತ್ತಿದ್ದು ಪೋರ್ಟ್ ಆರ್ಥರಿನಲ್ಲೇ, 1842ರಲ್ಲಿ. ಊರವರು ಮರೆಯಲು ಹೊರಟಿದ್ದ ಕೈದಿಗಳ ಕಥೆಯನ್ನು 1870ರಿಂದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದವನು ಮಾರ್ಕಸ್ ಕ್ಲಾರ್ಕ್. ಅವನಿದ್ದಿದ್ದು ಮೆಲ್ಬರ್ನ್‌ನಲ್ಲಿ. ಹೊರಗಿನವನೇ ಬೇಕಾಯಿತು ನೋಡಿ.

ಈಗ ನಾನು ಮೂರು ದಿನ ಸಿಕ್ಕಿಕೊಂಡಿದ್ದ ಜಾಗ. ಹಳೆಯ ಗೈಡುಗಳಲ್ಲಿ ‘1876ರಲ್ಲಿ ಟ್ರುಗನಿನಿ ತೀರಿಕೊಂಡಳು, ಟ್ಯಾಸ್ಮೇನಿಯಾದ ಮೂಲನಿವಾಸಿಗಳು ಅಲ್ಲಿಗೆ ಮುಗಿದರು’ ಎಂದಿರುತ್ತದೆ. ಇಂದಿನ ಟ್ಯಾಸ್ಮೇನಿಯಾದ ಬಗ್ಗೆ ಓದಿದರೆ ಸಾವಿರಾರು ಮೂಲನಿವಾಸಿಗಳು. ಎರಡೂ ಹೇಗೆ ನಿಜ?

ಹಿಂಸೆ ನಡೆದಿದ್ದರಲ್ಲಿ ಅನುಮಾನವಿಲ್ಲ. 1830ರ ‘ಬ್ಲ್ಯಾಕ್ ಲೈನ್’ನಲ್ಲಿ ಮೂಲನಿವಾಸಿಗಳನ್ನು ಹಿಡಿಯಲು ಸುಮಾರು 2,200 ಗಂಡಸರು ಸಾಲುಗಟ್ಟಿ ಕಾಡು ಸೋಸಿದರು, ಸೆರೆ ಸಿಕ್ಕಿದ್ದು ಇಬ್ಬರು. ಉಳಿದವರನ್ನು ಮಾತುಕೊಟ್ಟು ಕರೆದೊಯ್ದು ಫ್ಲಿಂಡರ್ಸ್ ದ್ವೀಪದ ವೈಬಲೆನಾದಲ್ಲಿಟ್ಟರು. 1847ರಲ್ಲಿ ಮುಖ್ಯ ದ್ವೀಪದ ಆಯ್ಸ್ಟರ್ ಕೋವ್‌ಗೆ ಮರಳಿದವರು ಬರೀ 47 ಮಂದಿ. ಇವರಲ್ಲೊಬ್ಬಳು ಟ್ರುಗನಿನಿ. ಅವಳ ಅಸ್ಥಿಪಂಜರವನ್ನು 1904ರಿಂದ 1947ರವರೆಗೆ ಹೋಬಾರ್ಟಿನ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಬೂದಿಯನ್ನು ಸಮುದ್ರಕ್ಕೆ ಬಿಟ್ಟಿದ್ದು 1976ರಲ್ಲಿ, ಅವಳು ಸತ್ತು ನೂರು ವರ್ಷಕ್ಕೆ.

ನನ್ನ ಗಂಟು ಬಿಡಿಸಿದ್ದು ಫ್ಯಾನಿ ಕಾಕ್ರೇನ್ ಸ್ಮಿತ್. ವೈಬಲೆನಾದಲ್ಲಿ 1834ರಲ್ಲಿ ಹುಟ್ಟಿದವಳು, ಹನ್ನೊಂದು ಮಕ್ಕಳ ತಾಯಿ. ‘ಎಲ್ಲ ಮುಗಿಯಿತು’ ಎಂದಿದ್ದ ಇಸವಿಯ ನಂತರ, 1899ರಲ್ಲೂ 1903ರಲ್ಲೂ, ಈಕೆ ಫೋನೋಗ್ರಾಫಿನ ಕೊಳವೆಗೆ ಬಾಯಿಟ್ಟು ತನ್ನವರ ಹಾಡು ಹಾಡಿದಳು. ಮೇಣದ ಉರುಳೆಯ ಮೇಲಿನ ಆ ದನಿ ಇಂದಿಗೂ ಇದೆ. ಅಂದರೆ ‘ಕೊನೆಯ’ ಎಂಬ ಪದವೇ ಎಡವಟ್ಟು. ತಂದೆ ತಾಯಿ ಇಬ್ಬರೂ ಮೂಲನಿವಾಸಿಗಳಾದವರನ್ನಷ್ಟೇ ಲೆಕ್ಕ ಹಿಡಿದು, ಬಾಸ್ ಜಲಸಂಧಿಯ ದ್ವೀಪಗಳಲ್ಲಿ ಬಿಳಿಯ ಸೀಲ್ ಬೇಟೆಗಾರರ ಜತೆ ಸಂಸಾರ ಮಾಡಿದ ಹೆಂಗಸರ ಮಕ್ಕಳು ಮೊಮ್ಮಕ್ಕಳನ್ನು ಕೈಬಿಟ್ಟಿದ್ದರು. ಪರೀಕ್ಷೆಯಲ್ಲಿ ‘ಕೊನೆಯವಳೆಂದು ಬಿಂಬಿಸಲಾದ’ ಎಂದು ಬರೆಯಿರಿ, ಅರ್ಧ ಉತ್ತರ ಅಲ್ಲೇ ಆಯಿತು.

ಹಳೆಯ ಪದಪಟ್ಟಿಗಳಿಂದ ಕೂಡಿಸಿ ಕಟ್ಟಿದ, ಇಲ್ಲಿನ ಮೂಲನಿವಾಸಿಗಳ ಇಂದಿನ ಭಾಷೆ ಪಲಾವಾ ಕನಿ. ಹೋಬಾರ್ಟಿನ ಬೆಟ್ಟಕ್ಕೆ 2013ರಿಂದ ಜೋಡಿ ಹೆಸರು: ಕುನಾನ್ಯಿ / ಮೌಂಟ್ ವೆಲಿಂಗ್ಟನ್. ಈ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ದೊಡ್ಡಕ್ಷರ ಬಳಸುವುದಿಲ್ಲ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ, ಹಾಗಾಗಿ ಈ ನೋಟ್ಸಿನಲ್ಲಿ ತೊಂದರೆಯಿಲ್ಲ. ಇಂಗ್ಲಿಷ್ ಉತ್ತರ ಪತ್ರಿಕೆಯಲ್ಲಿ ಮಾತ್ರ ಕೈ ತಾನಾಗಿ ‘ಕುನಾನ್ಯಿ’ಗೆ ದೊಡ್ಡ ‘ಕೆ’ ಬರೆದುಬಿಡುತ್ತದೆ. ಎರಡು ಸಲ ಹೊಡೆದು ಹಾಕಿದ್ದೇನೆ.