ಇಳಿಜಾರಿನಲ್ಲಿ ನ್ಯೂಟ್ರಲ್: ಪೆಟ್ರೋಲ್ ಉಳಿಯುತ್ತಾ, ಬ್ರೇಕ್ ಕಾಯುತ್ತಾ?

"ಘಾಟಿ ಇಳಿಯೋವಾಗ ನ್ಯೂಟ್ರಲ್‌ಗೆ ಹಾಕಿಬಿಡು, ಗಾಡಿ ತಾನಾಗೇ ಓಡುತ್ತೆ, ಪೆಟ್ರೋಲ್ ಉಳಿಯುತ್ತೆ." ನಾನು ಡ್ರೈವಿಂಗ್ ಕಲಿಯುವಾಗ ನನ್ನ ಸೋದರಮಾವ ಹೇಳಿಕೊಟ್ಟ ಮಾತಿದು. ಅವರು ವರ್ಷಗಟ್ಟಲೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಆ ಕಾರಿನ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿತ್ತು. ಈಗ ನಾವು ಓಡಿಸುವ ಕಾರಿನಲ್ಲಿ ಇಲ್ಲ. ನಡುವೆ ಬದಲಾಗಿದ್ದು ಏನು ಅಂತ ಅರ್ಥ ಮಾಡಿಕೊಂಡರೆ ಈ ಪಾಠ ಮುಕ್ಕಾಲು ಮುಗಿದ ಹಾಗೆ.

ಮೊದಲು ಕಾರ್ಬ್ಯುರೇಟರ್ ನೋಡೋಣ, ಅಂದರೆ ಅಂಬಾಸಿಡರ್‌ನಂಥ ಹಳೇ ಕಾರುಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಭಾಗ. ಅದರಲ್ಲಿ ಕಂಪ್ಯೂಟರ್ ಇಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವ ರಭಸಕ್ಕೆ ಸಣ್ಣ ಜೆಟ್‌ಗಳಿಂದ ಪೆಟ್ರೋಲ್ ಹೀರಿಕೊಂಡು ಬರುತ್ತದೆ, ಅಷ್ಟೇ. ಗೇರಿನಲ್ಲಿ ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಎಕ್ಸಲರೇಟರ್‌ನಿಂದ ಕಾಲು ತೆಗೆದಿರುವುದರಿಂದ ಗಾಳಿಯ ದಾರಿ ಮುಚ್ಚಿರುತ್ತದೆ. ಒಳಗೆ ನಿರ್ವಾತ ಹೆಚ್ಚುತ್ತದೆ, ಐಡ್ಲಿಂಗ್‌ಗೆ (ಕಾಲು ತೆಗೆದಾಗಲೂ ಎಂಜಿನ್ ಆರದೆ ನಿಧಾನವಾಗಿ ಓಡುವುದಕ್ಕೆ) ಇರುವ ಜೆಟ್ ಪೆಟ್ರೋಲನ್ನು ಸುರಿಸುತ್ತಲೇ ಇರುತ್ತದೆ. ಇದನ್ನು ತಡೆಯಲು ಕೆಲವು ಕಾರ್ಬ್ಯುರೇಟರ್‌ಗಳಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತಿತ್ತು, ಎಲ್ಲದರಲ್ಲೂ ಅಲ್ಲ. ಹಾಗಾಗಿ ಅಂಥ ಕಾರನ್ನು ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ನಿಧಾನವಾಗಿ, ಪೆಟ್ರೋಲ್ ನಿಜವಾಗಿಯೂ ಸ್ವಲ್ಪ ಉಳಿಯುತ್ತಿತ್ತು.

ಇನ್ನು ಇಂಜೆಕ್ಷನ್ ಕಾರು, ಅಂದರೆ ಇಂಜೆಕ್ಟರ್ ಎಂಬ ಪುಟ್ಟ ನಳಿಕೆಗಳಿಂದ ಪೆಟ್ರೋಲ್ ಚಿಮ್ಮಿಸುವ ಕಾರು. ನಮ್ಮಲ್ಲಿ 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಕಾಣೆಯಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಇನ್ನೂ ಬಿಗಿಯಾದ ಹೊಗೆ ನಿಯಮ ಬಂದಾಗ ಹೆಚ್ಚಿನ ಬೈಕುಗಳಿಗೂ ಇಂಜೆಕ್ಷನ್ ಬಂತು. ಇಲ್ಲಿ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ನಿರ್ಧರಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಗಾಡಿ ಗೇರಿನಲ್ಲಿದೆ, ಎಕ್ಸಲರೇಟರ್ ಮೇಲೆ ಕಾಲಿಲ್ಲ, ಎಂಜಿನ್ ಇನ್ನೂ ಜೋರಾಗಿ ತಿರುಗುತ್ತಿದೆ. ಹಾಗಿದ್ದರೆ ಪೆಟ್ರೋಲ್ ಯಾಕೆ ಬೇಕು? ತಿರುಗಿಸೋಕೆ ಚಕ್ರಗಳೇ ಇವೆಯಲ್ಲ! ಇಸಿಯು ಇಂಜೆಕ್ಟರ್‌ಗಳನ್ನು ಪೂರ್ತಿ ಮುಚ್ಚಿಬಿಡುತ್ತದೆ. ಕಡಿಮೆ ಅಲ್ಲ, ಸೊನ್ನೆ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಾವಿರದ ಚಿಲ್ಲರೆಗೆ ಇಳಿದಾಗ, ಎಂಜಿನ್ ಆರಿಹೋಗಬಾರದು ಅಂತ ಮತ್ತೆ ಬಿಡುತ್ತದೆ. ಆ ಮಿತಿ ಕಾರಿನಿಂದ ಕಾರಿಗೆ ಬೇರೆ. ಎಂಜಿನ್ ಇನ್ನೂ ಬಿಸಿಯಾಗಿಲ್ಲದಿದ್ದರೆ ಮುಚ್ಚದೆಯೂ ಇರಬಹುದು.

ನ್ಯೂಟ್ರಲ್‌ನಲ್ಲಿ? ಚಕ್ರಕ್ಕೂ ಎಂಜಿನ್‌ಗೂ ಸಂಬಂಧ ಕಡಿದುಹೋಯಿತು. ಎಂಜಿನ್ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಅದಕ್ಕೆ ಪೆಟ್ರೋಲ್ ಬೇಕೇ ಬೇಕು.

ಇದನ್ನು ಕಣ್ಣಾರೆ ನೋಡಬಹುದು. ಸ್ಟಿಯರಿಂಗ್ ಕೆಳಗೆ, ಕಾರಿನ ಕಂಪ್ಯೂಟರ್‌ನಿಂದ ಮಾಹಿತಿ ಓದಲು ಇರುವ ಓಬಿಡಿ ಸಾಕೆಟ್‌ಗೆ ಒಂದು ಚಿಕ್ಕ ಡಾಂಗಲ್ ಸಿಕ್ಕಿಸಿ ಮೊಬೈಲ್‌ಗೆ ಜೋಡಿಸಿದೆವು. ಓಡಿಸಿದ್ದು ಗೆಳೆಯ, ಪಕ್ಕದಲ್ಲಿ ಕೂತು ಮೊಬೈಲ್ ನೋಡಿದ್ದು ನಾನು. ಎರಡನೇ ಗೇರ್, ಕಾಲು ಪೂರ್ತಿ ಮೇಲೆ, ಆರ್‌ಪಿಎಂ 2200. ಒಂದೆರಡು ಸೆಕೆಂಡಿನಲ್ಲಿ ಇಂಧನದ ಅಂಕಿ 0.0ಕ್ಕೆ ಬಂದು ನಿಂತಿತು. ಮುಂದೆ ನೇರವಾದ, ಖಾಲಿ ರಸ್ತೆ ಸಿಕ್ಕಾಗ ಕ್ಷಣಕಾಲ ನ್ಯೂಟ್ರಲ್. ಆರ್‌ಪಿಎಂ 800ಕ್ಕೆ ಇಳಿಯಿತು, ಎಂಜಿನ್ ಸದ್ದೂ ಇಳಿಯಿತು, ಇಂಧನ ಗಂಟೆಗೆ 0.6 ಲೀಟರ್‌ಗೆ ಏರಿತು. ಸದ್ದು ಕಡಿಮೆ, ಖರ್ಚು ಜಾಸ್ತಿ! ನಮ್ಮ ಕಿವಿ ನಮಗೆ ಮೋಸ ಮಾಡುವುದು ಇಲ್ಲೇ. ಸದ್ದು ಮಾಡುವ ಎಂಜಿನ್ ಪೆಟ್ರೋಲ್ ಕುಡಿಯುತ್ತಿದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತೇವೆ.

ರೂಪಾಯಿ ಲೆಕ್ಕ ಸಣ್ಣದು. 10 ಕಿಲೋಮೀಟರ್ ಘಾಟಿಯನ್ನು 30ರ ವೇಗದಲ್ಲಿ ಇಳಿಯಲು 20 ನಿಮಿಷ. ಪೂರ್ತಿ ನ್ಯೂಟ್ರಲ್‌ನಲ್ಲಿ ಇಳಿದರೆ 200 ಮಿಲಿಲೀಟರ್ ಖರ್ಚು. ಗೇರಿನಲ್ಲಿ ಇಳಿದರೆ, ತಿರುವುಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಬಿಟ್ಟರೆ ಹೆಚ್ಚುಕಡಿಮೆ ಏನೂ ಇಲ್ಲ.

ಲಾರಿಗಳ ವಿಷಯ ಓದಿದಾಗ ನನಗೆ ಆಶ್ಚರ್ಯವಾಯಿತು. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಲಾರಿಗಳಲ್ಲೇ ಜಾಸ್ತಿ, ಅಲ್ವಾ? ಆದರೆ ಹಳೇ ಡೀಸೆಲ್ ಪಂಪಿನಲ್ಲೂ ಎಂಜಿನ್ ವೇಗ ನೋಡಿ ಡೀಸೆಲ್ ಹೆಚ್ಚುಕಡಿಮೆ ಮಾಡುವ ಗವರ್ನರ್ ಎಂಬ ಭಾಗ ಇರುತ್ತದೆ. ಕಾಲು ತೆಗೆದಾಗ ಎಂಜಿನ್ ಐಡ್ಲಿಂಗ್‌ಗಿಂತ ಜೋರಾಗಿ ತಿರುಗುತ್ತಿದ್ದರೆ ಅದು ಡೀಸೆಲ್ ನಿಲ್ಲಿಸುತ್ತದೆ. ಅಂದರೆ ಅಲ್ಲಿ ಆ ಕಾಲದಲ್ಲೂ ಕಡಿದಾದ ಇಳಿಜಾರಿನಲ್ಲಿ ನ್ಯೂಟ್ರಲ್‌ನಿಂದ ಲಾಭ ಇರಲಿಲ್ಲ.

ಈಗ ಬ್ರೇಕ್. ಪೆಟ್ರೋಲ್ ವಿಷಯಕ್ಕಿಂತ ಇದು ದೊಡ್ಡದು, ಇದನ್ನು ನಿಧಾನವಾಗಿ ಓದಿ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿ ನೆನಪಿಸಿಕೊಳ್ಳಿ. 14 ಹೇರ್‌ಪಿನ್ ತಿರುವುಗಳು. ಲೆಕ್ಕಕ್ಕೆ ಅಂಥ ಒಂದು ಘಾಟಿಯಲ್ಲಿ 10 ಕಿಲೋಮೀಟರ್‌ಗೆ 500 ಮೀಟರ್ ಕೆಳಗಿಳಿಯುತ್ತೇವೆ ಅಂದುಕೊಳ್ಳೋಣ. ಜನ, ಸಾಮಾನು ಸೇರಿ ಕಾರಿನ ತೂಕ 1200 ಕೆಜಿ. 1200 × 9.8 × 500 = ಸುಮಾರು 59 ಲಕ್ಷ ಜೂಲ್. ಇಷ್ಟು ಶಕ್ತಿ ಎಲ್ಲಾದರೂ ಹೋಗಲೇಬೇಕು. ಟೈರ್ ಮತ್ತು ಗಾಳಿಯ ತಡೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ತಿನ್ನುತ್ತವೆ. ಉಳಿಯುವುದು 42 ಲಕ್ಷದಷ್ಟು. ಒಂದು ಕೊಡ ತಣ್ಣೀರನ್ನು ಕುದಿ ಬರಿಸಲು ಹೆಚ್ಚುಕಡಿಮೆ ಇಷ್ಟೇ ಶಾಖ ಬೇಕು. ಗೇರಿನಲ್ಲಿದ್ದರೆ ಇದರ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಅಷ್ಟೂ ಶಾಖ ಬೀಳುವುದು ನಾಲ್ಕು ಚಕ್ರಗಳ ಡಿಸ್ಕ್, ಡ್ರಮ್‌ಗಳ ಮೇಲೆ. ಅವು ಅತಿಯಾಗಿ ಕಾದರೆ ಪ್ಯಾಡ್‌ನ ಹಿಡಿತ ಸಡಿಲವಾಗುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರು ಹೀರಿಕೊಂಡಿದ್ದರೆ ಅದು ಕುದಿದು ಗುಳ್ಳೆ ಏಳುತ್ತದೆ. ಆಗ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಎಂಜಿನ್ ಆರಿಸಿ ಇಳಿಯುವುದಂತೂ ಯಾವ ಕಾರಣಕ್ಕೂ ಬೇಡ. ನಮ್ಮ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಕೆಲವೇ ಬಾರಿ ಒತ್ತಿದರೆ ಖಾಲಿ. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟಿಯರಿಂಗ್ ಇರುವುದಿಲ್ಲ. ಕೀ ಎಳೆದುಬಿಟ್ಟರೆ ಸ್ಟಿಯರಿಂಗ್ ಲಾಕ್ ಆಗಬಹುದು. ಲಾರಿಯ ಏರ್ ಬ್ರೇಕ್‌ಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ಎಂಜಿನ್‌ನಿಂದಲೇ ಓಡುವುದು. 2022ರ ನವೆಂಬರ್ 20ರಂದು ಮುಂಬೈ-ಬೆಂಗಳೂರು ಹೆದ್ದಾರಿಯಲ್ಲಿ, ಪುಣೆಯ ನವಲೆ ಸೇತುವೆ ಬಳಿ ಲಾರಿಯೊಂದು ಇಳಿಜಾರಿನಲ್ಲಿ ಹತ್ತಾರು ವಾಹನಗಳಿಗೆ ಗುದ್ದಿತು. ಚಾಲಕ ಎಂಜಿನ್ ಆರಿಸಿ ಇಳಿಯುತ್ತಿದ್ದ ಅಂತ ಪೊಲೀಸರ ಆರಂಭಿಕ ತನಿಖೆಯಲ್ಲಿ ಬಂತು. ಆ ಸುದ್ದಿ ಓದಿದ ಮೇಲೆ ಈ ವಿಷಯವನ್ನು ಸುಮ್ನೆ ಪರೀಕ್ಷೆಯ ಪ್ರಶ್ನೆ ಅಂತ ನೋಡಲು ನನಗೆ ಆಗಲಿಲ್ಲ.

ಹಾಗಾದರೆ ನ್ಯೂಟ್ರಲ್‌ನಿಂದ ಎಲ್ಲೂ ಲಾಭವಿಲ್ಲವೇ? ಇದೆ. ನೂರು ಮೀಟರ್‌ಗೆ ಒಂದೆರಡು ಮೀಟರ್ ಇಳಿಯುವ ಸಾದಾ ರಸ್ತೆಯಲ್ಲಿ ಗೇರಿನಲ್ಲಿ ಕಾಲು ತೆಗೆದರೆ ಗಾಡಿ ನಿಧಾನವಾಗಿ, ಮತ್ತೆ ಎಕ್ಸಲರೇಟರ್ ಒತ್ತಬೇಕಾಗುತ್ತದೆ. ನ್ಯೂಟ್ರಲ್‌ನಲ್ಲಾದರೆ ವೇಗ ಹಾಗೇ ಉಳಿಯಬಹುದು. ಪೋರ್ಷೆ ಕಾರುಗಳ ಪಿಡಿಕೆಯಂಥ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳು ಇದನ್ನು ತಾವೇ ಮಾಡುತ್ತವೆ. ಬ್ರೇಕ್ ಒತ್ತಿದ ಕೂಡಲೇ ಮತ್ತೆ ಗೇರಿಗೆ ಬರುತ್ತವೆ. ಕೈಯಿಂದ ಹಾಗೆ ಮಾಡಿ ಉಳಿಸುವ ನಾಲ್ಕು ಹನಿಗೆ, ಅಡ್ಡ ಬಂದ ದನವನ್ನು ತಪ್ಪಿಸುವ ಹೊತ್ತಿನಲ್ಲಿ ಗೇರ್ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ.

ಗೇರ್‌ಬಾಕ್ಸ್ ಹಾಳಾಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಮ್ಯಾನುವಲ್‌ನಲ್ಲಿ ಸುಮ್ಮನೆ ಉರುಳುವುದರಿಂದ ಅಂಥ ಹಾನಿಯಿಲ್ಲ. ವೇಗಕ್ಕೆ ಹೊಂದದ ಗೇರಿಗೆ ಮತ್ತೆ ತುರುಕಿದರೆ ಕ್ಲಚ್ ಸವೆಯುತ್ತದೆ. ಆಟೊಮ್ಯಾಟಿಕ್‌ನಲ್ಲಿ ಎನ್‌ಗೆ (ನ್ಯೂಟ್ರಲ್‌ಗೆ) ಹಾಕಬೇಡಿ. ಒಳಗೆ ಆಯಿಲ್ ತಳ್ಳುವ ಪಂಪು ಸಾಮಾನ್ಯವಾಗಿ ಎಂಜಿನ್ ವೇಗವನ್ನೇ ನಂಬಿರುತ್ತದೆ. ಇಳಿಯುವಾಗ ಎಲ್ (ಲೋ, ಅಂದರೆ ಕೆಳಗಿನ ಗೇರ್) ಅಥವಾ ಮ್ಯಾನುವಲ್ ಮೋಡ್ ಬಳಸಿ. ಎಲೆಕ್ಟ್ರಿಕ್ ಕಾರಿನಲ್ಲಿ ಎನ್ ಅಂದರೆ ಇಳಿಯುವಾಗ ಬ್ಯಾಟರಿಗೆ ಸಿಗುವ ಚಾರ್ಜೂ ನಷ್ಟ.

ಯಾವ ಗೇರ್ ಅಂತ ಗೊಂದಲವಿದ್ದರೆ ಹಳೇ ಡ್ರೈವರ್‌ಗಳ ಮಾತಿದೆ: ಹತ್ತೋ ಗೇರಿನಲ್ಲೇ ಇಳಿ. ಘಾಟಿ ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ. ಬ್ರೇಕನ್ನು ಒತ್ತಿಕೊಂಡೇ ಇರದೆ, ಬೇಕಾದಾಗ ಒತ್ತಿ, ಬಿಟ್ಟು, ಆರಲು ಬಿಡಿ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ. ಗಾಡಿಯನ್ನು ಗೇರಿನಲ್ಲೇ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆಯಾದರೂ ಕಾಯಿರಿ. ಬೇಗ ಆರಲಿ ಅಂತ ನೀರು ಹೊಯ್ಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.